ಕಾಯಿಲೆ ಸಾಲದು ಅಜ್ಜಾ!

ಅಮೆರಿಕದಲ್ಲಿ 65 ದಾಟಿದವರಿಗೆ ಮೆಡಿಕೇರ್ ಅಂತ ಸರ್ಕಾರದ ಆರೋಗ್ಯ ವಿಮೆ ಇದೆ. 1965ರಲ್ಲಿ ಅದನ್ನು ತಂದವರು ಆಸ್ಪತ್ರೆಗೆ, ಡಾಕ್ಟರಿಗೆ ದುಡ್ಡಿಟ್ಟರು. ಮನೆಯಲ್ಲಿ ಕೂತು ನುಂಗುವ ಮಾತ್ರೆಯನ್ನು ಬಿಟ್ಟರು. 1988ರಲ್ಲಿ ಒಮ್ಮೆ ಅದರ ನೆನಪಾಗಿ ಕಾನೂನು ಮಾಡಿ, ಮರುವರ್ಷವೇ ರದ್ದು ಮಾಡಿದರು. ಮತ್ತೆ ಕಾನೂನು ಬರುವಷ್ಟರಲ್ಲಿ 2003. ಮರೆವು ಮುದುಕರಿಗೆ ಮಾತ್ರ ಬರುತ್ತದೆ ಅಂತ ಯಾರು ಹೇಳಿದ್ದು?

ಹೀಗೆ 2006ರ ಜನವರಿಯಲ್ಲಿ ಪಾರ್ಟ್ ಡಿ ಎಂಬ ಔಷಧಿ ವಿಮೆ ಶುರುವಾಯಿತು. ಅದರ ಮೂಲ ಲೆಕ್ಕ ಕೇಳಿ. ವರ್ಷದ ಮೊದಲ 250 ಡಾಲರ್ ಔಷಧಿ ಪೂರ್ತಿ ನಿಮ್ಮ ಖರ್ಚು. ಅಲ್ಲಿಂದ 2,250ರವರೆಗೆ ನಾಲ್ಕರಲ್ಲಿ ಒಂದು ಪಾಲು ನಿಮ್ಮದು, ಮೂರು ಪಾಲು ವಿಮೆಯದು. ಆಮೇಲೆ 5,100 ಮುಟ್ಟುವವರೆಗೆ ಅಷ್ಟೂ ನಿಮ್ಮದೇ. ಅದನ್ನು ದಾಟಿದರೆ ವಿಮೆಗೆ ಮತ್ತೆ ಎಚ್ಚರವಾಗುತ್ತದೆ, ನೀವು ನೂರಕ್ಕೆ ಐದು ಕೊಟ್ಟರೆ ಸಾಕು. ನಡುವಿನ ಈ 2,850 ಡಾಲರಿಗೆ ಅಲ್ಲಿನವರು ಕೊಟ್ಟ ಹೆಸರು ಡೋನಟ್ ತೂತು. ಬಾವಿಗಿಳಿಸಿ ಹಗ್ಗ ಕತ್ತರಿಸೋದು ಅಂತೀವಲ್ಲ, ಅದಕ್ಕೆ ಅವರು ತಿಂಡಿಯ ಹೆಸರಿಟ್ಟರು.

ಸೆಪ್ಟೆಂಬರಿನಲ್ಲಿ ಕೌಂಟರಿನ ಮುಂದೆ ನಿಂತ ಒಬ್ಬ ಅಜ್ಜನನ್ನು ನೆನೆಸಿಕೊಳ್ಳಿ. ಅದೇ ಬಿ.ಪಿ. ಮಾತ್ರೆ, ಅದೇ ಕಿತ್ತಳೆ ಬಣ್ಣದ ಡಬ್ಬಿ, ಅದೇ ಹುಡುಗಿ. ಬಿಲ್ ಮಾತ್ರ ಹೋದ ತಿಂಗಳಿನ ನಾಲ್ಕು ಪಟ್ಟು.

“ಏನಮ್ಮಾ, ರೇಟ್ ಜಾಸ್ತಿ ಆಯ್ತಾ?”

“ಇಲ್ಲ ಸರ್, ನೀವು ತೂತಿಗೆ ಬಿದ್ದಿದ್ದೀರಿ.”

“ಹೊರಗೆ ಬರೋದು ಹೇಗೆ?”

“ಇನ್ನೂ ಜಾಸ್ತಿ ಔಷಧಿ ತಗೊಳ್ಳಿ.”

ಹುಡುಗಿ ಹೇಳಿದ್ದು ಸರಿಯೇ. ಸ್ವಲ್ಪ ಕಾಯಿಲೆಗೆ ವಿಮೆ ಇದೆ, ಬಹಳ ಕಾಯಿಲೆಗೂ ಇದೆ. ಮಧ್ಯಮ ವರ್ಗದ ಕಾಯಿಲೆಗೆ ಇಲ್ಲ. ಪ್ರೀಮಿಯಂ ಮಾತ್ರ ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು, ಅದರಲ್ಲಿ ತೂತಿಲ್ಲ. ಇತ್ತ ಎಷ್ಟೋ ಜನ ಮಾತ್ರೆಯನ್ನು ಮುರಿದು ಅರ್ಧ ನುಂಗಿದರು. ಕೆಲವರು ನಿಲ್ಲಿಸಿಯೇ ಬಿಟ್ಟರು. ಕಷ್ಟಪಟ್ಟು ತೂತು ದಾಟಿದವರಿಗೂ ಜನವರಿ 1ಕ್ಕೆ ಲೆಕ್ಕ ಮತ್ತೆ ಸೊನ್ನೆಯಿಂದ.

ಇದು ಕಣ್ತಪ್ಪಿ ಆದದ್ದಲ್ಲ. ಹತ್ತು ವರ್ಷಕ್ಕೆ 40,000 ಕೋಟಿ ಡಾಲರ್ ಅಂತ ಬಜೆಟ್ ಗೊತ್ತು ಮಾಡಿದ್ದರು. ಬಟ್ಟೆ ಸಾಲಲಿಲ್ಲ. ದರ್ಜಿ ಕಾಲರ್ ಹೊಲಿದ, ಕೆಳಗಿನ ಅಂಚು ಹೊಲಿದ, ಹೊಟ್ಟೆಯ ಜಾಗ ಸುಮ್ನೆ ಬಿಟ್ಟ. ಬಟ್ಟೆ ಅಂಗಡಿಯಲ್ಲಿ ಸ್ವಲ್ಪ ಚೌಕಾಸಿ ಮಾಡಬಹುದಿತ್ತು, ಅಲ್ವಾ? ಅದಕ್ಕೂ ದಾರಿ ಇರಲಿಲ್ಲ. ಮೆಡಿಕೇರ್ ಪರವಾಗಿ ಸರ್ಕಾರ ಔಷಧಿ ಕಂಪನಿಗಳ ಜೊತೆ ರೇಟ್ ಮಾತಾಡಕೂಡದು ಅಂತ ಅದೇ ಕಾನೂನಿನಲ್ಲೇ ಬರೆದಿದ್ದರು. ಅದೇ ಸರ್ಕಾರದ ಮಾಜಿ ಸೈನಿಕರ ಇಲಾಖೆ ಮಾತ್ರ ಆರಾಮಾಗಿ ಚೌಕಾಸಿ ಮಾಡುತ್ತಿತ್ತು. ಅಜ್ಜನ ತಪ್ಪು ಏನಪ್ಪಾ ಅಂದರೆ, ವಯಸ್ಸಿನಲ್ಲಿ ಸೈನ್ಯ ಸೇರದೆ ಇದ್ದದ್ದು.

ಪುಟ್ಟ ಮಕ್ಕಳ ಹಾಗೆ ತೂತೂ ವರ್ಷ ವರ್ಷ ಬೆಳೆಯಿತು. 2010ಕ್ಕೆ 3,610 ಡಾಲರ್ ಉದ್ದ. ಒಬಾಮಾ ಸರ್ಕಾರಕ್ಕೆ ಅಯ್ಯೋ ಅನ್ನಿಸಿ, ಆ ವರ್ಷ ಬಿದ್ದವರಿಗೆಲ್ಲ 250 ಡಾಲರಿನ ಚೆಕ್ ಕಳಿಸಿತು. ತೂತನ್ನು 2020ರೊಳಗೆ ಮೆಲ್ಲಗೆ ಮುಚ್ಚುತ್ತೇವೆ ಅಂತಲೂ ಹೇಳಿತು. ಮುಚ್ಚಿದ್ದು ಅಂದರೆ, ಅಲ್ಲೂ ನಾಲ್ಕರಲ್ಲಿ ಒಂದು ಪಾಲು ಅಜ್ಜನದೇ. ಕೊನೆಗೆ 2022ರ ಕಾನೂನು ಬಂತು. 2025ರಿಂದ ವಿಮೆಗೆ ಒಳಪಟ್ಟ ಔಷಧಿಗೆ ಕೈಯಿಂದ ಹಾಕಬೇಕಾದ್ದು ವರ್ಷಕ್ಕೆ 2,000 ಡಾಲರ್ ದಾಟುವ ಹಾಗಿಲ್ಲ. ಮರುವರ್ಷವೇ ಅದು 2,100 ಆಯಿತು, ಬಿಡಿ.

ಚೌಕಾಸಿಗೂ ಅದೇ ಕಾನೂನು ಅನುಮತಿ ಕೊಟ್ಟಿತು. ಎಲ್ಲ ಔಷಧಿಗೂ ಅಲ್ಲ, ಮೊದಲ ಕಂತಿನಲ್ಲಿ 10ಕ್ಕೆ. ಹೊಸ ರೇಟ್ ಜಾರಿಗೆ ಬಂದದ್ದು 2026ರ ಜನವರಿಯಲ್ಲಿ. ಪಾರ್ಟ್ ಡಿ ಶುರುವಾದಾಗ 65 ಆಗಿದ್ದ ಅಜ್ಜನಿಗೆ ಈಗ 85.

ಇದ್ದರೆ.