ರೀಡರ್ ಕೊಳ್ಳುವ ಮೊದಲು ‘ಅಕ್ಕ’ ಅಂತ ಬರುತ್ತಾ ನೋಡಿ

ಅಮ್ಮನಿಗೆ ಈಗ ಅಚ್ಚಿನ ಪುಸ್ತಕ ಹಿಡಿದರೆ ಹತ್ತೇ ನಿಮಿಷಕ್ಕೆ ಕಣ್ಣಲ್ಲಿ ನೀರು ಬರುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡು ಓದಲಿ ಅಂತ ಇ-ರೀಡರ್, ಅಂದರೆ ಇ-ಪುಸ್ತಕ ಓದುವ ಸಾಧನ, ಕೊಡಿಸಲು ಹೊರಟೆ. ಕೇಳಿದವರೆಲ್ಲ ಅಮೆಜಾನ್‌ನ ಕಿಂಡಲ್ ತಗೋ ಅಂದರು. ಒಳ್ಳೆಯ ಸಾಧನವೇ. ಆದರೆ 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಐದು ಭಾರತೀಯ ಭಾಷೆಗಳ ಇ-ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ. ನನಗೆ ಅದು ಇನ್ನೂ ಚುಚ್ಚುತ್ತದೆ. ಒಂದೇ ಅಂಗಡಿಯನ್ನು ನಂಬಿ ಕೂತರೆ ನಮ್ಮ ಸರದಿ ಯಾವಾಗ ಅನ್ನೋದನ್ನೂ ಅವರೇ ಹೇಳಬೇಕು.

ದುಡ್ಡು ಕೊಟ್ಟ ಪುಸ್ತಕವಾದರೂ ನಮ್ಮದಾ? 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ಕೊಂಡವರಿಗೆ ಪೂರ್ತಿ ದುಡ್ಡು ವಾಪಸ್ ಕೊಟ್ಟರು, ಪುಸ್ತಕಗಳು ಹೋದವು. ಅದರಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಇನ್ನೂ 25 ಡಾಲರ್ ಸೇರಿಸಿದರು. ನಮ್ಮಮ್ಮ ಪೆನ್ಸಿಲ್ ಇಲ್ಲದೆ ಓದೋಕೆ ಕೂರುವುದೇ ಇಲ್ಲ. ಇಷ್ಟವಾದ ಸಾಲಿನ ಪಕ್ಕ ಒಂದು ಗೀಟು, ಒಮ್ಮೊಮ್ಮೆ ಅಂಚಿನಲ್ಲಿ ತಾರೀಕು. ಅದಕ್ಕೆ ಯಾರು ಎಷ್ಟು ಬೆಲೆ ಕಟ್ಟುತ್ತಾರೆ? 2025ರ ಫೆಬ್ರವರಿ 26ರಿಂದ ಅಮೆಜಾನ್ ಕೂಡ, ಕೊಂಡ ಪುಸ್ತಕವನ್ನು ಕಂಪ್ಯೂಟರ್‌ಗೆ ಇಳಿಸಿ ಯುಎಸ್‌ಬಿ ಕೇಬಲ್‌ನಿಂದ ಕಿಂಡಲ್‌ಗೆ ಹಾಕಿಕೊಳ್ಳುವ ದಾರಿ ಮುಚ್ಚಿತು.

ಹಾಗಾಗಿ ನಾನು ಅಂಗಡಿ ನೋಡಲಿಲ್ಲ, ಫೈಲ್ ನೋಡಿದೆ. ಕನ್ನಡ ವಿಕಿಸೋರ್ಸ್ ಅನ್ನೋ ಆನ್‌ಲೈನ್ ಗ್ರಂಥಾಲಯದಿಂದ ಒಂದು ಪುಸ್ತಕವನ್ನು ಇಪಬ್ ಅನ್ನೋ ಇ-ಪುಸ್ತಕದ ಫೈಲ್ ರೂಪದಲ್ಲಿ ಇಳಿಸಿಕೊಂಡೆ. ಅದು ಪುಕ್ಕಟೆ. ಗೆಳತಿಯ ಹಳೇ ರೀಡರ್‌ಗೆ ಹಾಕಿದರೆ ಒತ್ತಕ್ಷರವೆಲ್ಲ ಒಡೆದುಹೋಗಿತ್ತು. ‘ಅಕ್ಕ’ ಅನ್ನೋದು ‘ಅಕ್‌ಕ’ ಆಗಿತ್ತು. ಅಮ್ಮ ಎರಡು ಸಾಲು ಓದಿ ಕೆಳಗಿಟ್ಟರು. ಆಮೇಲೆ ಆಂಡ್ರಾಯ್ಡ್ ಇರುವ ಇ-ಇಂಕ್ (ಕಾಗದದಂತೆ ಕಾಣುವ ಪರದೆಯ) ರೀಡರ್ ಒಂದರಲ್ಲಿ ಅದೇ ಫೈಲ್ ತೆರೆದೆವು. ಒತ್ತಕ್ಷರ ಸರಿಯಾಗಿ ಕೂತಿತ್ತು. ಕನ್ನಡ ಪುಸ್ತಕದ ಆ್ಯಪ್‌ಗಳನ್ನೂ ಹಾಕಿಕೊಳ್ಳಬಹುದು. ಬೆಲೆ ಜಾಸ್ತಿ, ಚಾರ್ಜ್ ಬೇಗ ಇಳಿಯುತ್ತದೆ, ಆದರೂ ಅದನ್ನೇ ತಗೊಂಡೆ.

ಬೇರೆ ಕಡೆ ತೆರೆಯದಂತೆ ಬೀಗ ಹಾಕದ ಫೈಲ್‌ಗಳನ್ನೆಲ್ಲ ಕ್ಯಾಲಿಬರ್‌ನಲ್ಲಿ ಜೋಡಿಸಿಟ್ಟಿದ್ದೇನೆ. ನಮ್ಮ ದೇಶದವರೇ ಆದ ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಉಚಿತ ತಂತ್ರಾಂಶ ಅದು. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇದೆ.

ಆ್ಯಪ್‌ನಲ್ಲಿ ಕೊಂಡ ಕನ್ನಡ ಪುಸ್ತಕ ಆ ಆ್ಯಪ್‌ನಲ್ಲೇ ಉಳಿದುಬಿಟ್ಟರೆ ಅದೂ ಅದೇ ಕಥೆ, ಅಲ್ವಾ? ನಮ್ಮ ಪ್ರಕಾಶಕರಲ್ಲಿ ಕೈಮುಗಿದು ಕೇಳುತ್ತೇನೆ: ಬೀಗವಿಲ್ಲದ ಇಪಬ್ ಮಾರಿ. ಅಚ್ಚಿನ ಪುಸ್ತಕದಷ್ಟೇ ಬೆಲೆ ಇಟ್ಟರೂ ನಾನು ಕೊಂಡುಕೊಳ್ಳುತ್ತೇನೆ.