ಬೇಕಂತಲೇ ಕೆಡಿಸಿದ ಒಂದು ಕಪ್ ಕಾಫಿ

ಸ್ಪೆಷಾಲಿಟಿ ಕಾಫಿ (ರುಚಿಗೆ ಒಳ್ಳೆಯ ಅಂಕ ಪಡೆದ ಬೀಜದ ಕಾಫಿ) ಅಂದರೆ ನನಗೆ ಸ್ವಲ್ಪ ಅಲರ್ಜಿಯೇ ಇತ್ತು. ಪೊಟ್ಟಣದ ಮೇಲೆ ಬ್ಲೂಬೆರಿ, ಮಲ್ಲಿಗೆ, ಚಾಕೊಲೇಟ್ ಅಂತ ಬರೆದಿರುತ್ತಾರೆ. ಕುಡಿದರೆ ನಾಲಿಗೆಗೆ ಸಿಗುವುದು ಬರೀ ಹುಳಿ.

ಮೊನ್ನೆ ಒಂದು ರೋಸ್ಟರಿಗೆ ಹೋಗಿದ್ದೆ. ಒಂದು ಕಡೆ ಬೀಜ ಹುರಿಯುವ ಡ್ರಮ್, ಎದುರಿಗೇ ಬ್ರೂ ಬಾರ್, ಅಂದರೆ ನಮ್ಮ ಕಣ್ಣೆದುರೇ ಕಾಫಿ ಸೋಸಿಕೊಡುವ ಕಟ್ಟೆ. ಅಲ್ಲಿದ್ದ ಹುಡುಗನಿಗೆ ನೇರವಾಗಿ ಕೇಳಿಬಿಟ್ಟೆ: "ನಿಮ್ಮ ಕಾಫಿ ಯಾಕೆ ಯಾವಾಗಲೂ ಹುಳಿ?"

ಬೇಜಾರು ಮಾಡಿಕೊಳ್ಳಲಿಲ್ಲ. "ಹುಳಿಯಲ್ಲಿ ಎರಡು ಥರ ಇದೆ ಸರ್. ಎರಡೂ ಮಾಡಿಕೊಡಲಾ?" ಅಂದ.

ಒಂದೇ ಡಬ್ಬಿಯ ಬೀಜ. 15 ಗ್ರಾಂನ ಎರಡು ಪಾಲು. ಒಂದನ್ನು ಮರಳಿನ ಹದಕ್ಕೆ ಪುಡಿ ಮಾಡಿದ, ಇನ್ನೊಂದನ್ನು ಬೇಕಂತಲೇ ತೀರಾ ತರಿತರಿಯಾಗಿ. ಕಾಫಿ ಸೋಸುವ ಎರಡು ವಿ-60 ಕೋನ್ ಇಟ್ಟ. (ಅದರ ಗೋಡೆಗಳ ಮಧ್ಯೆ 60 ಡಿಗ್ರಿ ಕೋನ ಇರುವುದರಿಂದಲೇ ಆ ಹೆಸರು!) ಎರಡಕ್ಕೂ 93 ಡಿಗ್ರಿಯ ನೀರು, 240 ಗ್ರಾಂ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಸುರಿದು ಅರ್ಧ ನಿಮಿಷ ಸುಮ್ಮನೆ ನಿಂತ. ಪುಡಿ ಮೆಲ್ಲಗೆ ಉಬ್ಬಿತು, ಮೇಲೆ ಗುಳ್ಳೆ ಒಡೆದವು. ಹುರಿದಾಗ ಬೀಜದಲ್ಲಿ ಸೇರಿಕೊಂಡ ಕಾರ್ಬನ್ ಡೈಆಕ್ಸೈಡ್ ಅದು. ಅದು ಹೊರಬೀಳದೆ ನೀರು ಒಳಗೆ ಇಳಿಯುವುದು ಕಷ್ಟ. ಅದಕ್ಕೇ ಹುರಿದ ಬೀಜವನ್ನು ಕೆಲವು ದಿನ ಹಾಗೇ ಬಿಡುತ್ತಾರಂತೆ. ಡ್ರಮ್ಮಿನಿಂದ ಇಳಿದ ತಕ್ಷಣ ಕುಡಿದರೇ ರುಚಿ ಜಾಸ್ತಿ ಅಂತ ನಾನು ನಂಬಿಕೊಂಡಿದ್ದೆ!

ತರಿ ಪುಡಿಯಿಂದ ನೀರು ಎರಡು ನಿಮಿಷದೊಳಗೇ ಸೋರಿಹೋಯಿತು. ಇನ್ನೊಂದಕ್ಕೆ ಮೂರು ನಿಮಿಷ ಹಿಡಿಯಿತು.

ಮೊದಲು ತರಿಯದ್ದನ್ನು ಕುಡಿದೆ. ತೆಳು. ಚುರ್ ಅನ್ನುವ ಹುಳಿ. ನುಂಗಿದ ಮೇಲೆ ಬಾಯಲ್ಲಿ ಏನೂ ಉಳಿಯಲಿಲ್ಲ. ಅಯ್ಯೋ, ನಾನು ಇಷ್ಟು ವರ್ಷ ಬೈದದ್ದು ಇದನ್ನೇ ಅಲ್ವಾ! ಎರಡನೆಯದರಲ್ಲೂ ಹುಳಿ ಇತ್ತು, ಆದರೆ ಅದರ ಬೆನ್ನಿಗೇ ಸಿಹಿ ಬಂತು, ಚೆನ್ನಾಗಿ ಹಣ್ಣಾದ ಕಿತ್ತಳೆಯ ಹಾಗೆ. "ನೀರಿಗೆ ಹುಳಿ ಬೇಗ ಇಳಿಯುತ್ತೆ ಸರ್, ಸಿಹಿಗೆ ಹೊತ್ತು ಬೇಕು" ಅಂದ.

ಇಷ್ಟನ್ನು ಹಿಂದೆ ಯಾರೂ ಹೇಳಿರಲಿಲ್ಲ ಅನ್ನುವುದೇ ನನ್ನ ಸಿಟ್ಟು. ಹುಳಿ ಅಂದರೆ ಸಾಕು, "ನಿಮಗೆ ಅಭ್ಯಾಸ ಇಲ್ಲ" ಅಂತ ನನ್ನ ನಾಲಿಗೆಯ ಮೇಲೇ ತಪ್ಪು ಹೊರಿಸುತ್ತಿದ್ದರು. 100ಕ್ಕೆ 80 ಅಥವಾ ಅದಕ್ಕಿಂತ ಜಾಸ್ತಿ ಅಂಕ ಬಂದರೆ ಸ್ಪೆಷಾಲಿಟಿ ಅನ್ನುತ್ತಾರೆ, ಸರಿ. ಆದರೆ ಆ ಅಂಕ ಬೀಜದ್ದು. ನನ್ನ ಮುಂದೆ ಇಟ್ಟ ಕಪ್ಪಿಗೆ ಅಂಕ ಕೊಟ್ಟವರು ಯಾರು? ಅವಸರದಲ್ಲಿ ಸೋಸಿದ ಕಾಫಿಗೆ ಬೀಜದ ಅಂಕ ತೋರಿಸಿ ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ. ಬ್ರೂ ಬಾರ್ ಅಂತ ಇಟ್ಟ ಮೇಲೆ ಆ ಹುಡುಗ ಮಾಡಿದ ಹಾಗೆ ಎರಡು ಕಪ್ ಪಕ್ಕಪಕ್ಕ ಇಟ್ಟು ತೋರಿಸಲಿ.

ಮಾತಿನ ಮಧ್ಯೆ ಎರಡನೆಯ ಕಪ್ ಆರಿಹೋಗಿತ್ತು. ಬಿಸಿ ಮಾಡಿಕೊಡಿ ಅನ್ನುವುದಕ್ಕೆ ಬಾಯಿ ತೆರೆದೆ. "ಬೇಡ, ಈಗ ಒಂದು ಗುಟುಕು ಕುಡಿದು ನೋಡಿ" ಅಂದ. ಕಿತ್ತಳೆ ಇನ್ನೂ ಚೆನ್ನಾಗಿ ಸಿಕ್ಕಿತು.

ಬ್ಲೂಬೆರಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ ಬಿಡಿ.