ಲಕ್ಷ ಕಿಲೋಮೀಟರ್ ದಾಟಿದ ಎಂಜಿನ್‌ಗೆ ದಪ್ಪ ಆಯಿಲ್ ಬೇಕೇ?

ಪರ: ಕರಾವಳಿಯ ಸೆಕೆಗೆ ಒಂದು ಗ್ರೇಡ್ ಮೇಲಿರಲಿ

ಆಯಿಲ್ ಡಬ್ಬದ ಮೇಲೆ 5ಡಬ್ಲ್ಯೂ-30 ಎಂದಿದ್ದರೆ ಅಲ್ಲಿರುವುದು ಎರಡು ಬೇರೆ ಬೇರೆ ಸಂಗತಿ. ಡಬ್ಲ್ಯೂ ಜತೆಗಿನ ಅಂಕಿ ಚಳಿಯಲ್ಲಿ ಎಂಜಿನ್ ತಿರುಗಿಸುವ ಪರೀಕ್ಷೆಯದು. 5ಡಬ್ಲ್ಯೂ ಆಯಿಲ್‌ಗೆ ಆ ಪರೀಕ್ಷೆ ನಡೆಯುವುದು ಮೈನಸ್ 30 ಡಿಗ್ರಿಯಲ್ಲಿ, 20ಡಬ್ಲ್ಯೂಗೆ ಮೈನಸ್ 15ರಲ್ಲಿ. ಮಂಗಳೂರಿನಲ್ಲಿ ಡಿಸೆಂಬರ್ ತಿಂಗಳ ಬೆಳಗಿನ ಜಾವವೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಓಡುವ ಕಾರಿಗೆ ಈ ಮೊದಲ ಅಂಕಿಯ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ.

ನೋಡಬೇಕಾದದ್ದು ಎರಡನೆಯ ಅಂಕಿ. 100 ಡಿಗ್ರಿ ಬಿಸಿಯಲ್ಲಿ 30ರ ಆಯಿಲ್‌ನ ಸ್ನಿಗ್ಧತೆ, ಅಂದರೆ ದಪ್ಪ, 9.3ರಿಂದ 12.5 ಸೆಂಟಿಸ್ಟೋಕ್, 40ರದ್ದು 12.5ರಿಂದ 16.3, 50ರದ್ದು 16.3ರಿಂದ 21.9. ಇದಕ್ಕಿಂತಲೂ ಮುಖ್ಯವಾದ ಲೆಕ್ಕವನ್ನು ಡಬ್ಬದ ಮೇಲೆ ಯಾರೂ ಬರೆಯುವುದಿಲ್ಲ: 150 ಡಿಗ್ರಿಯಲ್ಲಿ, ಬೇರಿಂಗ್ ಒಳಗಿನ ವೇಗದಲ್ಲಿ ಉಜ್ಜಿದಾಗ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಮಾನದಂಡದ ಪ್ರಕಾರ 30ಕ್ಕೆ ಕನಿಷ್ಠ 2.9 ಮಿಲಿಪಾಸ್ಕಲ್-ಸೆಕೆಂಡ್ ಸಾಕು. 5ಡಬ್ಲ್ಯೂ-40 ಮತ್ತು 10ಡಬ್ಲ್ಯೂ-40ಕ್ಕೆ 3.5 ಇರಲೇಬೇಕು. ಲೋಹ ಲೋಹಕ್ಕೆ ತಾಗದಂತೆ ತಡೆಯುವ ಪದರ ನಿಂತಿರುವುದು ಈ ಅಂಕಿಯ ಮೇಲೆ.

ಎಂಜಿನ್ ಹಳತಾದಂತೆ ಬೇರಿಂಗ್ ಮತ್ತು ಅದರೊಳಗೆ ತಿರುಗುವ ಕ್ರ್ಯಾಂಕ್ ದಂಡದ ನಡುವಿನ ಸಂದು ಅಗಲವಾಗುತ್ತದೆ. ಹೊಸತರಲ್ಲಿ ಅದು ಸಾಮಾನ್ಯವಾಗಿ 0.02ರಿಂದ 0.05 ಮಿ.ಮೀ. ಆ ಸಂದಿನಿಂದ ಹೊರಗೆ ಸೋರುವ ಆಯಿಲ್ ಸಂದಿನ ಘನಕ್ಕೆ ಅನುಗುಣವಾಗಿ ಏರುತ್ತದೆ, ಅಂದರೆ ಸಂದು ಶೇ. 8ರಷ್ಟು ಹಿಗ್ಗಿದರೂ ಸೋರಿಕೆ ಶೇ. 26ರಷ್ಟು ಹೆಚ್ಚುತ್ತದೆ. 11 ಸೆಂಟಿಸ್ಟೋಕ್‌ನ 30ರಿಂದ 14ರ 40ಕ್ಕೆ ಹೋದರೆ ಸ್ನಿಗ್ಧತೆ ಏರುವುದೂ ಹೆಚ್ಚುಕಡಿಮೆ ಅಷ್ಟೇ. ಸಹಜ ಸವೆತಕ್ಕೆ ಒಂದು ಗ್ರೇಡ್ ಸರಿಯಾದ ಪರಿಹಾರ ಎನ್ನುವುದು ಬರಿಯ ಗ್ಯಾರೇಜ್ ಮಾತಲ್ಲ.

ನಮ್ಮ ರಸ್ತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್‌ನಲ್ಲಿ ನಾಲ್ಕು ಜನ, ಲಗೇಜು, ಎ.ಸಿ. ಹಾಕಿಕೊಂಡು ಲಾರಿಗಳ ಹಿಂದೆ ಎರಡನೇ ಗೇರಿನಲ್ಲಿ ಶಿರಾಡಿ ಹತ್ತುವ ಕಾರಿನ ಎಂಜಿನ್ ತಳದ ಆಯಿಲ್ ತೊಟ್ಟಿಯಾದ ಸಂಪ್‌ನಲ್ಲಿ ಆಯಿಲ್ 110 ಡಿಗ್ರಿ ದಾಟುವುದು ಕಷ್ಟವೇನಲ್ಲ. ಆಗುಂಬೆಯ 14 ತಿರುವುಗಳಲ್ಲಿ ಎಂಜಿನ್ ಭಾರ ಹೊತ್ತಿರುತ್ತದೆ, ಎದುರುಗಾಳಿ ಇರುವುದಿಲ್ಲ. ಜತೆಗೆ ಎರಡು ಅಂಕಿಯ ಮಲ್ಟಿಗ್ರೇಡ್ ಆಯಿಲ್‌ನ ದಪ್ಪ ಕಾಯುವ ಪಾಲಿಮರ್‌ಗಳು ಓಡಿದಂತೆ ತುಂಡಾಗುತ್ತವೆ. ಮಣಿಪಾಲದಿಂದ ಉಡುಪಿಗೆ, ಉಡುಪಿಯಿಂದ ಮಣಿಪಾಲಕ್ಕೆ ಎಂದಷ್ಟೇ ಓಡುವ ಕಾರಿನಲ್ಲಿ ಆಯಿಲ್‌ಗೆ ಪೆಟ್ರೋಲೂ ಬೆರೆಯುತ್ತದೆ. ಬದಲಾಯಿಸುವ ಹೊತ್ತಿಗೆ 30ರ ಆಯಿಲ್ 20ರ ದಪ್ಪಕ್ಕೆ ಇಳಿದಿದ್ದರೆ ಆಶ್ಚರ್ಯವಿಲ್ಲ. 40ರಿಂದ ಶುರು ಮಾಡಿದರೆ ಕೊನೆಗೆ 30 ಆದರೂ ಉಳಿಯುತ್ತದೆ.

‘ಕಂಪನಿಯವರು ತೆಳು ಆಯಿಲೇ ಹೇಳಿದ್ದಾರಲ್ಲ’ ಎನ್ನುವವರಿಗೆ ಒಂದು ಮಾತು. 0ಡಬ್ಲ್ಯೂ-20, 0ಡಬ್ಲ್ಯೂ-16 ಬಂದದ್ದರಲ್ಲಿ ಮೈಲೇಜಿನ ಪಾಲು ದೊಡ್ಡದು. ನಮ್ಮಲ್ಲೂ 2017ರಿಂದ ಕಂಪನಿಗಳ ಸರಾಸರಿ ಇಂಧನ ಬಳಕೆಗೆ ಮಿತಿ ಇದೆ. ಹಳೆಯ ಕಾರುಗಳ ಕೈಪಿಡಿ ತೆರೆದರೆ ಹೊರಗಿನ ಉಷ್ಣತೆಗೆ ತಕ್ಕಂತೆ ಮೂರ್ನಾಲ್ಕು ಗ್ರೇಡ್ ಸೂಚಿಸುವ ಪಟ್ಟಿ ಸಿಗುತ್ತದೆ. ಆ ಪಟ್ಟಿಯೊಳಗೆ ಮೇಲಕ್ಕೆ ಹೋಗುವುದು ಕಂಪನಿಯ ಮಾತು ಮೀರಿದಂತಲ್ಲ.

ಏನು ಹಾಕಬೇಕು? 5ಡಬ್ಲ್ಯೂ-30 ಕೇಳುವ ಎಂಜಿನ್‌ಗೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ಎ3/ಬಿ4 ಎಂದು ನಮೂದಿಸಿರುವ 5ಡಬ್ಲ್ಯೂ-40. ಇದು ಆವಿಯಾಗುವುದೂ ಕಡಿಮೆ, ಮಿತಿ ಶೇ. 13. 0ಡಬ್ಲ್ಯೂ-20 ಕೇಳುವುದಕ್ಕೆ 5ಡಬ್ಲ್ಯೂ-30. ಮಾರುತಿ 800ರಂಥ ಹಳೆಯ, ವಿವಿಟಿ (ವಾಲ್ವ್ ತೆರೆಯುವ ಸಮಯ ಬದಲಿಸುವ ವ್ಯವಸ್ಥೆ) ಇಲ್ಲದ ಎಂಜಿನ್‌ಗೆ 20ಡಬ್ಲ್ಯೂ-40 ಹಾಕಿದರೆ ಯಾವ ತೊಂದರೆಯೂ ಇಲ್ಲ. ಎರಡು ಮೆಟ್ಟಿಲು ಹಾರುವುದು ಮಾತ್ರ ಬೇಡ. ಬಿಎಸ್6 ಡೀಸೆಲ್‌ನಲ್ಲಿ ಹೊಗೆ ಸೋಸುವ ಡಿಪಿಎಫ್ ಇರುವುದರಿಂದ ಅಲ್ಲಿ ಎ3/ಬಿ4 ಬಳಸಲೇಬಾರದು. ಅದರ ಬೂದಿ ಫಿಲ್ಟರನ್ನು ಕಟ್ಟಿಸುತ್ತದೆ.

ವಿರೋಧ: ಮೊದಲು ಕಾರಣ ಹುಡುಕಿ, ಡಬ್ಬ ಆಮೇಲೆ

ಮೇಲಿನ ಘನದ ಲೆಕ್ಕ ಸರಿಯೇ. ಅದನ್ನು ಅರ್ಧಕ್ಕೆ ನಿಲ್ಲಿಸಲಾಗಿದೆ, ಅಷ್ಟೇ. ನಿಜವಾಗಿ ಸವೆದ ಎಂಜಿನ್‌ನಲ್ಲಿ ಸಂದು ಹಿಗ್ಗುವುದು ಶೇ. 8 ಅಲ್ಲ. 0.04 ಇದ್ದದ್ದು 0.06 ಮಿ.ಮೀ. ಆದರೆ ಸೋರಿಕೆ ಮೂರು ಪಟ್ಟು ದಾಟುತ್ತದೆ. ಶೇ. 27 ದಪ್ಪಗಿನ ಆಯಿಲ್ ಅದರ ಮುಂದೆ ಯಾವ ಮೂಲೆಗೆ? ಸವೆತ ಶೇ. 8ರಷ್ಟೇ ಆಗಿದ್ದರೆ ಕೈಪಿಡಿಯ ಆಯಿಲೇ ಅದನ್ನು ನಿಭಾಯಿಸುತ್ತದೆ. ಕಂಪನಿ ಅಷ್ಟು ಅಂತರ ಇಟ್ಟುಕೊಂಡೇ ಗ್ರೇಡ್ ಆರಿಸಿರುತ್ತದೆ.

‘ದಪ್ಪ ಹಾಕಿದ್ರೆ ಸೌಂಡ್ ಕಮ್ಮಿ ಆಗ್ತದೆ ಮಾರಾಯ್ರೆ’ ಎಂಬ ಸಲಹೆ ಪಂಪ್‌ವೆಲ್‌ನಿಂದ ಕುಂದಾಪುರದವರೆಗೆ ಎಲ್ಲಿ ಬೇಕಾದರೂ ಸಿಗುತ್ತದೆ. ಸದ್ದು ಕಡಿಮೆಯಾಗುವುದು ನಿಜ, ಮೀಟರಿನ ಒತ್ತಡ ಏರುವುದೂ ನಿಜ. ಆದರೆ ಒತ್ತಡ ಅಂದರೆ ಹರಿವಿಗೆ ಎದುರಾದ ತಡೆ. ಅದು ಏರಿದ ಮಾತ್ರಕ್ಕೆ ಬೇರಿಂಗ್‌ಗೆ ಹೆಚ್ಚು ಆಯಿಲ್ ಹೋಯಿತು ಎಂದಾಗುವುದಿಲ್ಲ. ಮಿತಿ ಮೀರಿದರೆ ಪಂಪ್‌ನ ರಿಲೀಫ್ ವಾಲ್ವ್ ತೆರೆದು ಆಯಿಲ್ ವಾಪಸ್ ಸಂಪ್‌ಗೆ ಸುರಿಯುತ್ತದೆ. ಇಲ್ಲಿ ಚಳಿ ಇಲ್ಲ ಎಂಬ ವಾದವೂ ಪೂರ್ತಿ ನಿಲ್ಲುವುದಿಲ್ಲ. 40 ಡಿಗ್ರಿಯಲ್ಲೇ 5ಡಬ್ಲ್ಯೂ-30ರ ಸ್ನಿಗ್ಧತೆ ಸಾಧಾರಣ 65 ಸೆಂಟಿಸ್ಟೋಕ್ ಇದ್ದರೆ 20ಡಬ್ಲ್ಯೂ-50ಯದ್ದು 150ರ ಮೇಲೆ. ಬೆಳಗ್ಗೆ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಫಿಲ್ಟರಿನ ಬೈಪಾಸ್ ವಾಲ್ವ್ ತೆರೆದು, ಸೋಸದ ಆಯಿಲ್ ನೇರ ಬೇರಿಂಗ್‌ಗೆ ಹೋಗಬಹುದು.

ಸ್ಲಡ್ಜ್, ಅಂದರೆ ಹಳೆಯ ಆಯಿಲಿನ ಕಪ್ಪು ಗಸಿ, ಕಟ್ಟಿದ ಎಂಜಿನ್‌ನಲ್ಲಿ ಇದು ಇನ್ನೂ ಕೆಟ್ಟದ್ದು. ಸಂಪ್‌ನೊಳಗಿನ ಜಾಲರಿ ಅರ್ಧ ಮುಚ್ಚಿಹೋಗಿರುವಾಗ ದಪ್ಪ ಆಯಿಲನ್ನು ಪಂಪ್ ಎಳೆಯಲು ಹೆಣಗುತ್ತದೆ, ಗಾಳಿಗುಳ್ಳೆ ಬರುತ್ತದೆ. ವಿವಿಟಿ ಇರುವ ಎಂಜಿನ್‌ನಲ್ಲಿ ಆಯಿಲ್ ನಿಯಂತ್ರಿಸುವ ವಾಲ್ವಿನ ಜಾಲರಿ ಇನ್ನೂ ಸಣ್ಣದು. ವಾಲ್ವ್ ತೆರೆಯುವ ಕ್ಯಾಮ್ ತಡವಾಗಿ ಸರಿದರೆ ಪಿ0011ರಂಥ ಕೋಡ್ ಬಂದು ಚೆಕ್ ಎಂಜಿನ್ ದೀಪ ಉರಿಯುತ್ತದೆ. ಆಗ ಸೆನ್ಸರ್ ಬದಲಾಯಿಸಲು ಹೊರಡುವವರೇ ಹೆಚ್ಚು, ಆಯಿಲ್ ಮೇಲೆ ಅನುಮಾನ ಬರುವುದು ಕೊನೆಗೆ.

ಆಯಿಲ್ ಕುಡಿಯುವ ಕಾರಿಗೆ ಮೊದಲು ಅಳತೆ ಬೇಕು. ಸಮತಟ್ಟು ಜಾಗದಲ್ಲಿ ಬಿಸಿ ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್‌ನ ಮೇಲಿನ ಗೆರೆಗೆ ಸರಿಯಾಗಿ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 500 ಕಿ.ಮೀ.ಗೊಮ್ಮೆ ಅದೇ ಜಾಗದಲ್ಲಿ ನೋಡಿ. ಹಲವು ಕಾರುಗಳಲ್ಲಿ ಮೇಲಿನ ಮತ್ತು ಕೆಳಗಿನ ಗೆರೆಗಳ ನಡುವೆ ಸುಮಾರು ಒಂದು ಲೀಟರ್. ಈ ಲೆಕ್ಕ ಕೈಯಲ್ಲಿಲ್ಲದೆ ಗ್ರೇಡ್ ಬದಲಿಸಿದರೆ ಲಾಭವಾಯಿತೇ ಎಂದು ತಿಳಿಯುವ ದಾರಿಯೇ ಇಲ್ಲ.

ಆಮೇಲೆ ಹೊಗೆ. ರಾತ್ರಿಯಿಡೀ ನಿಂತ ಕಾರು ಬೆಳಗ್ಗೆ ಸ್ಟಾರ್ಟ್ ಆದಾಗ ಒಮ್ಮೆ ನೀಲಿ ಹೊಗೆ ಬಿಟ್ಟು ನಿಂತರೆ ಗಟ್ಟಿಯಾದ ವಾಲ್ವ್ ಸೀಲ್. ಘಟ್ಟ ಇಳಿಯುವಾಗ ಕಾಲು ತೆಗೆದು ಮತ್ತೆ ಒತ್ತಿದಾಗ ಬಂದರೂ ಅದೇ. ಏರುವಾಗ ಒಂದೇ ಸಮನೆ ಬಂದರೆ ಪಿಸ್ಟನ್ ರಿಂಗಿನ ದೋಷ. ಖಚಿತವಾಗಲು ಕಂಪ್ರೆಷನ್ (ಸಿಲಿಂಡರ್ ಒಳಗೆ ಏಳುವ ಒತ್ತಡ) ನೋಡಬೇಕು: ಮೊದಲು ಒಣಗಿದ್ದಂತೆ, ಮತ್ತೆ ಪ್ಲಗ್ ತೂತಿನಲ್ಲಿ ಒಂದು ಚಮಚ ಆಯಿಲ್ ಹಾಕಿ. ಎರಡನೆಯ ಬಾರಿ ಅಂಕಿ ಗಮನಾರ್ಹವಾಗಿ ಏರಿದರೆ ರಿಂಗ್ ಅಥವಾ ಸಿಲಿಂಡರ್ ಬೋರ್, ಏರದಿದ್ದರೆ ವಾಲ್ವ್ ಕಡೆ ನೋಡಬೇಕು. ಇದಕ್ಕೂ ಮುನ್ನ, ಎಂಜಿನ್ ಒಡಲಿನ ಅನಿಲವನ್ನು ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲುಗಿಸಿ. ಟಕ್ ಟಕ್ ಸದ್ದು ಬರಲಿಲ್ಲವೆಂದರೆ ಅದು ಅಂಟಿಕೊಂಡಿದೆ. ಈ ಅಗ್ಗದ ಸಾಮಾನು ಕಟ್ಟಿಕೊಂಡರೆ ಕ್ರ್ಯಾಂಕ್‌ಕೇಸ್ ಒತ್ತಡ ಏರಿ, ಟ್ಯಾಪೆಟ್ ಕವರ್ ಪ್ಯಾಕಿಂಗ್ ಮತ್ತು ಕ್ರ್ಯಾಂಕ್ ಸೀಲಿನಿಂದ ಆಯಿಲ್ ಹೊರಬರುತ್ತದೆ. ಇದನ್ನು ದಪ್ಪ ಆಯಿಲ್ ತಡೆಯಲಾರದು.

ಹಲವು ಬಾರಿ ರಿಂಗ್ ಸವೆದಿರುವುದೇ ಇಲ್ಲ, ಇಂಗಾಲ ಹಿಡಿದು ಸಿಕ್ಕಿಕೊಂಡಿರುತ್ತದೆ. ಪಿಸ್ಟನ್‌ನ ಆಯಿಲ್ ರಿಂಗ್ ಹಿಂದಿನ ತೂತುಗಳು ಮುಚ್ಚಿ, ಕೆರೆದ ಆಯಿಲ್ ಕೆಳಗಿಳಿಯಲು ದಾರಿ ಇರುವುದಿಲ್ಲ. ಇಲ್ಲಿ ಬೇಕಾದದ್ದು ಸರಿಯಾದ ಗ್ರೇಡಿನ ಒಳ್ಳೆಯ ಸಿಂಥೆಟಿಕ್ ಆಯಿಲ್, 10,000 ಬದಲು 5,000 ಕಿ.ಮೀ.ಗೆ ಬದಲಾವಣೆ. ಫ್ಲಶ್ ಹಾಕಿ ಒಂದೇ ದಿನದಲ್ಲಿ ತೊಳೆಯುವ ಆತುರ ಬೇಡ, ಬಿಡಿಸಿಕೊಂಡ ಸ್ಲಡ್ಜ್ ಹೋಗಿ ಕೂರುವುದು ಅದೇ ಸಂಪ್ ಜಾಲರಿಯಲ್ಲಿ.

ಕರಾವಳಿಯ ದೊಡ್ಡ ಶತ್ರು ಸೆಕೆಗಿಂತ ತೇವ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಣ್ಣ ಓಡಾಟದ ಕಾರಿನಲ್ಲಿ ಆಯಿಲ್ ಪೂರ್ತಿ ಬಿಸಿಯಾಗದೆ ನೀರಿನಾವಿ ಒಳಗೇ ಉಳಿದು, ತುಂಬುವ ಮುಚ್ಚಳದಡಿ ಬಿಳಿ ಕೆನೆ ಕಟ್ಟುತ್ತದೆ. ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿ, ಇಲ್ಲವಾದರೆ ವಾರಕ್ಕೊಮ್ಮೆ ಸುರತ್ಕಲ್‌ನಿಂದ ಪಡುಬಿದ್ರಿಯಾಚೆಗೆ ಅರ್ಧ ಗಂಟೆ ಓಡಿಸಿ. ಗಲ್ಫ್‌ನಲ್ಲಿರುವವರ ಕಾರು ಶೆಡ್‌ನಲ್ಲೇ ಮಳೆಗಾಲ ಕಳೆದಿದ್ದರೆ ಕಿಲೋಮೀಟರ್ ಎಷ್ಟೇ ಕಡಿಮೆಯಿರಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಾಗಬೇಕು.

ಬಿಸಿ ಎಂಜಿನ್ ಐಡಲಿಂಗ್‌ನಲ್ಲಿ ಆಯಿಲ್ ದೀಪ ಮಿಣುಕಿತು ಎಂದು 20ಡಬ್ಲ್ಯೂ-50 ಸುರಿಯುವುದಂತೂ ಅಪಾಯ. ಆ ದೀಪ ಉರಿಯುವುದೇ ಒತ್ತಡ ಸುಮಾರು 0.2ರಿಂದ 0.5 ಬಾರ್‌ಗೆ ಇಳಿದಾಗ. ಎಂಜಿನ್ ನಿಲ್ಲಿಸಿ ಮಟ್ಟ ನೋಡಿ. ಮಟ್ಟ ಸರಿಯಿದ್ದರೆ ಕಾರನ್ನು ಓಡಿಸದೆ ಗ್ಯಾರೇಜಿಗೆ ಎಳೆಸಿ, ಪ್ರೆಷರ್ ಸ್ವಿಚ್ ಬಿಚ್ಚಿ ಅದರ ಜಾಗಕ್ಕೆ ಗೇಜ್ ಕೂರಿಸಿ ಅಳೆಯಿಸಿ. ಗೇಜ್ ಸರಿಯಾದ ಒತ್ತಡ ತೋರಿಸಿದರೆ ಸ್ವಿಚ್ ಹಾಳು, ಅದನ್ನು ಬದಲಿಸಿದರೆ ಮುಗಿಯಿತು. ಕೈಪಿಡಿಯ ಅಂಕಿಗಿಂತ ಕಡಿಮೆ ತೋರಿಸಿದರೆ ಸಂಪ್ ಇಳಿಸಿ ಜಾಲರಿ, ಪಂಪ್, ಬೇರಿಂಗ್ ಶೆಲ್‌ಗಳನ್ನು ಈ ಕ್ರಮದಲ್ಲೇ ನೋಡಬೇಕು.